ಅತ್ತ ನೀರೂ ಅಲ್ಲ, ಇತ್ತ ಗಟ್ಟಿಯೂ ಅಲ್ಲ: ಅರೆಗಟ್ಟಿ ಲೋಹದ ಎರಕ

(ಶಿವಮೊಗ್ಗದಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳು, ಸಣ್ಣ ವರ್ಕ್‌ಶಾಪ್ ನಡೆಸುವವರು ಮತ್ತು ಕೆಲವು ಅಡಿಕೆ ಬೆಳೆಗಾರರು ಸೇರಿದ್ದ ಕಡೆ ಆಡಿದ ಮಾತುಗಳ ಬರಹ ರೂಪ. ಅಂದು ಬೋರ್ಡಿನ ಮೇಲೆ ಗೀಚಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಫೌಂಡ್ರಿಗೆ, ಅಂದರೆ ಎರಕದ ಕಾರ್ಖಾನೆಗೆ, ಸೇರಿದ ಹೊಸದರಲ್ಲಿ ನಾನು ಕಲಿತ ಮೊದಲ ಪಾಠ ಒಂದು ಬೈಗುಳ. ಕರಗಿದ ಅಲ್ಯೂಮಿನಿಯಂ ತುಂಬಿದ ಲ್ಯಾಡಲ್ (ಎರಕ ಸುರಿಯುವ ಸೌಟು) ಹಿಡಿದು ಅಚ್ಚಿನ ಕಡೆ ಹೊರಟಿದ್ದೆ. ದಾರಿಯಲ್ಲಿ ಯಾರೋ ಏನೋ ಕೇಳಿದರು, ಒಂದು ಗಳಿಗೆ ನಿಂತೆ. ಹಿಂದಿನಿಂದ ಮೇಸ್ತ್ರಿ ಕೂಗಿದರು: "ಏಯ್, ಮೆಟಲ್ ತಣ್ಣಗಾತು ಮಾರಾಯ, ಸುರಿಬೇಡ! ವಾಪಸ್ ಹಾಕು!" ಬಗ್ಗಿ ನೋಡಿದರೆ ಲ್ಯಾಡಲ್ ಅಂಚಿನಲ್ಲಿ ಮೆಟಲ್ ಗಂಜಿಯ ಹಾಗೆ ಕಟ್ಟಿಕೊಳ್ಳುತ್ತಿತ್ತು. ಅಂಥದ್ದನ್ನು ಸುರಿದರೆ ಅಚ್ಚು ಪೂರ್ತಿ ತುಂಬುವುದಿಲ್ಲ. ಎರಡು ಕಡೆಯಿಂದ ಬಂದ ಮೆಟಲ್ ನಡುವೆ ಸೇರದೆ ಗೆರೆ ಉಳಿಯುತ್ತದೆ, ಕೋಲ್ಡ್ ಶಟ್ ಅಂತೀವಲ್ಲ, ಅದು. ಪೀಸು ನೇರವಾಗಿ ರಿಜೆಕ್ಷನ್ ರಾಶಿಗೆ.

ಇವತ್ತು ನಾನು ಹೇಳಹೊರಟಿರುವುದು ಆ ಗಂಜಿಯ ಬಗ್ಗೆಯೇ. ಮೇಸ್ತ್ರಿ ವಾಪಸ್ ಹಾಕಿಸಿದ ಆ ಹದದ ಮೆಟಲ್‌ನಿಂದಲೇ, ಬೇಕೆಂದೇ, ಬ್ರೇಕಿನ ಸಿಲಿಂಡರ್ ಎರಕ ಹೊಯ್ಯುವವರು ಇದ್ದಾರೆ. ಅದು ಹೇಗೆ, ಯಾಕೆ, ನಮ್ಮ ಊರಿಗೆ ಎಷ್ಟರ ಮಟ್ಟಿಗೆ ಆಗಿಬರುತ್ತದೆ, ಇಷ್ಟೇ ಮಾತು.

ಮೊದಲು ಒಂದು ನೋವಿನ ಕಥೆ. ಫೌಂಡ್ರಿ ಬಿಟ್ಟು ಸಣ್ಣ ಮೆಷಿನ್ ಶಾಪ್ ಹಾಕಿಕೊಂಡ ಮೇಲೆ, ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಯುವ ಪಂಪಿನ ಬಾಡಿಗಳನ್ನು ತರಿಸಿ ಮೆಷಿನಿಂಗ್ ಮಾಡಿಕೊಡುವ ಕೆಲಸ ಹಿಡಿದಿದ್ದೆ. ಬಾಡಿ ಅಲ್ಯೂಮಿನಿಯಂ, ಪ್ರೆಶರ್ ಡೈಕಾಸ್ಟಿಂಗ್, ಅಂದರೆ ಕರಗಿದ ಮೆಟಲ್ ಅನ್ನು ಒತ್ತಡದಲ್ಲಿ ಉಕ್ಕಿನ ಅಚ್ಚಿಗೆ (ಡೈ) ತಳ್ಳಿ ಮಾಡಿದ ಎರಕ. ಹೊರಗಿಂದ ನೋಡಿದರೆ ನುಣ್ಣಗೆ, ಹೊಸ ಸ್ಟೀಲ್ ಲೋಟದ ಹಾಗೆ. ಲೇತಿಗೆ ಕಟ್ಟಿ ಮುಖ ಎರಡು ಮಿಲಿಮೀಟರ್ ಕೆರೆದೆ. ಒಳಗೆ ಸೂಜಿಮೊನೆ ಚುಚ್ಚಿದ ಹಾಗೆ ತೂತುಗಳು. ಬಾಯಿ ಮುಚ್ಚಿ, ಗಾಳಿ ಕೊಟ್ಟು, ನೀರಿನ ಬಕೆಟ್‌ನಲ್ಲಿ ಮುಳುಗಿಸಿದರೆ ಸೋಡಾ ಬಾಟಲಿಯ ಹಾಗೆ ಗುಳ್ಳೆ. 40 ಬಾಡಿಯಲ್ಲಿ 11 ಹೋದವು. ಕಳಿಸಿದವರಿಗೆ ಫೋನ್ ಮಾಡಿದರೆ, "ಡೈಕಾಸ್ಟ್ ಅಂದ್ರೆ ಹಾಗೇ ಸಾರ್, ಮೇಲಿನ ಚರ್ಮ ಕೆರೀಬಾರ್ದು" ಅಂದರು. ಕೆರೆಯದೆ ಪಂಪು ಹೇಗೆ ಮಾಡಲಿ?

ಸಿಟ್ಟು ಬಂದಿತ್ತು. ಆದರೆ ಅವರು ಹೇಳಿದ್ದು ಸುಳ್ಳಲ್ಲ. ಪ್ರೆಶರ್ ಡೈಕಾಸ್ಟಿಂಗ್‌ನಲ್ಲಿ ಕರಗಿದ ಮೆಟಲ್ ಸಣ್ಣ ಗೇಟಿನ ಮೂಲಕ ಸೆಕೆಂಡಿಗೆ 30ರಿಂದ 60 ಮೀಟರ್ ವೇಗದಲ್ಲಿ ಒಳಗೆ ಚಿಮ್ಮುತ್ತದೆ. 40 ಮೀಟರ್ ಅಂತಲೇ ಇಟ್ಟುಕೊಳ್ಳಿ, ಗಂಟೆಗೆ 144 ಕಿಲೋಮೀಟರ್ ಆಯಿತು. ನಮ್ಮ ಶಿವಮೊಗ್ಗ–ಬೆಂಗಳೂರು ರೈಲೂ ಅಷ್ಟು ಓಡುವುದಿಲ್ಲ! ಅಚ್ಚಿನೊಳಗೆ ಇದ್ದ ಗಾಳಿಗೆ ಹೊರಗೆ ಹೋಗಲು ಪುರುಸೊತ್ತೇ ಸಿಗುವುದಿಲ್ಲ. ಚಿಮ್ಮಿ, ಒಡೆದು, ಸುರುಳಿ ಸುತ್ತಿ ಬರುವ ಮೆಟಲ್ ಆ ಗಾಳಿಯನ್ನು ತನ್ನೊಳಗೇ ಕಟ್ಟಿಕೊಳ್ಳುತ್ತದೆ. ಡೈ ಗೋಡೆಗೆ ತಾಗಿದ ಪದರ ಮಾತ್ರ ಚಟ್ಟನೆ ಗಟ್ಟಿಯಾಗಿ ಒಳ್ಳೆಯ ಚರ್ಮವಾಗುತ್ತದೆ. ಒಳಗಿನದು ದೇವರಿಗೇ ಪ್ರೀತಿ.

ಇದಕ್ಕೇ ಮಾಮೂಲಿ ಡೈಕಾಸ್ಟ್ ಪೀಸನ್ನು ಶಾಖ ಕೊಟ್ಟು ಗಟ್ಟಿ ಮಾಡುವುದೂ ಕಷ್ಟ. ಅಲ್ಯೂಮಿನಿಯಂ–ಸಿಲಿಕಾನ್–ಮೆಗ್ನೀಸಿಯಂ ಮಿಶ್ರಲೋಹಕ್ಕೆ ಪೂರ್ತಿ ಬಲ ಬರಬೇಕಾದರೆ ಸುಮಾರು 540 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು, ನೀರಿಗೆ ಅದ್ದಿ, ಮತ್ತೆ 160ರ ಆಸುಪಾಸಿನಲ್ಲಿ ಹದ ಮಾಡಬೇಕು. ಒಳಗೆ ಗಾಳಿ ಕಟ್ಟಿಕೊಂಡಿದ್ದರೆ 540ಕ್ಕೆ ಅದು ಹಿಗ್ಗುತ್ತದೆ. ಮೈ ಮೇಲೆ ಬೊಕ್ಕೆ ಏಳುತ್ತವೆ, ಸುಟ್ಟ ಹಪ್ಪಳದ ಹಾಗೆ.

ಹಾಗಾದರೆ ನಿಧಾನವಾಗಿ ತುಂಬಿಸಿದರೆ ಆಯಿತಲ್ವಾ? ನಿಧಾನ ಮಾಡಿದರೆ ತೆಳು ಗೋಡೆ ತುಂಬುವ ಮೊದಲೇ ಮೆಟಲ್ ಗಟ್ಟಿಯಾಗುತ್ತದೆ. ನೀರಿನಂಥದ್ದನ್ನು ಜೋರಾಗಿ ತಳ್ಳಿದರೆ ಚಿಮ್ಮುತ್ತದೆ. ಜೇನುತುಪ್ಪದಂಥದ್ದನ್ನು ಜೋರಾಗಿಯೇ ತಳ್ಳಿ ನೋಡಿ, ಚಿಮ್ಮುವುದಿಲ್ಲ. ಒಂದೇ ಮುಖವಾಗಿ ಹರಿದು, ಮುಂದಿನ ಗಾಳಿಯನ್ನು ತಳ್ಳಿಕೊಂಡು ಹೋಗುತ್ತದೆ. ಮೆಟಲ್ ಜೇನುತುಪ್ಪದ ಹಾಗಾದರೆ? ನಮ್ಮ ಗಂಜಿ ಅಲ್ಲೇ ಇತ್ತು. ಆದರೆ ಅದು ಹರಿಯುತ್ತಿರಲಿಲ್ಲ.

ಯಾಕೆ ಹರಿಯುತ್ತಿರಲಿಲ್ಲ ಅನ್ನುವುದೇ ಈ ಇಡೀ ವಿದ್ಯೆಯ ಗುಟ್ಟು. ಸ್ವಲ್ಪ ನಿಧಾನವಾಗಿ ನೋಡೋಣ.

ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ, ಒಂದೇ ಉಷ್ಣತೆಯಲ್ಲಿ ಗಟ್ಟಿಯಾಗುತ್ತದೆ. ಮಿಶ್ರಲೋಹ ಹಾಗಲ್ಲ. ಎ356 ಅಂತ ಒಂದಿದೆ, ನೀವೆಲ್ಲ ಕೇಳಿರುತ್ತೀರಿ, ಸುಮಾರು 7 ಶೇಕಡಾ ಸಿಲಿಕಾನ್, ಚೂರು ಮೆಗ್ನೀಸಿಯಂ. ಅದು 615ರ ಹತ್ತಿರ ಗಟ್ಟಿಯಾಗಲು ಶುರುಮಾಡಿ 555ರ ಹತ್ತಿರ ಮುಗಿಸುತ್ತದೆ. ನಡುವಿನ 60 ಡಿಗ್ರಿಯಲ್ಲಿ ಅರ್ಧ ಗಟ್ಟಿ, ಅರ್ಧ ನೀರು. ಆ ಗಟ್ಟಿ ಭಾಗ ಯಾವ ಆಕಾರದಲ್ಲಿ ಬೆಳೆಯುತ್ತದೆ? ಮರದ ಹಾಗೆ. ಕಾಂಡ, ಕಾಂಡಕ್ಕೆ ಕೊಂಬೆ, ಕೊಂಬೆಗೆ ಮತ್ತೆ ರೆಂಬೆ. ಡೆಂಡ್ರೈಟ್ ಅನ್ನುವ ಹೆಸರು ಬಂದಿದ್ದೇ ಗ್ರೀಕಿನ ಮರ ಅನ್ನುವ ಪದದಿಂದ.

ಈಗ ಒಂದು ಮುಳ್ಳಿನ ಹೊರೆಯನ್ನು ಹಳ್ಳಕ್ಕೆ ಎಸೆಯಿರಿ. ಇನ್ನೊಂದು ಎಸೆಯಿರಿ. ಮೂರನೆಯದಕ್ಕೆ ಒಂದಕ್ಕೊಂದು ಸಿಕ್ಕಿಕೊಂಡು ಹಳ್ಳ ಕಟ್ಟಿಕೊಳ್ಳುತ್ತದೆ. ಸಂದಿಯಲ್ಲಿ ನೀರು ಎಷ್ಟೇ ಇರಲಿ, ಹೊರೆ ಅಲ್ಲಾಡುವುದಿಲ್ಲ. ಕೊಂಬೆ ಕಟ್ಟಿದ ಮೆಟಲ್ಲೂ ಅಷ್ಟೇ. ಐದನೇ ಒಂದು ಭಾಗ ಗಟ್ಟಿಯಾಗುವಷ್ಟರಲ್ಲಿ ಬಿಗಿದುಕೊಂಡು ಬಿಡುತ್ತದೆ. ಈಗ ಮುಳ್ಳಿನ ಬದಲು ಅದೇ ತೂಕದ ಅಡಿಕೆ ಸುರಿಯಿರಿ. ಒಂದರ ಮೇಲೊಂದು ಉರುಳಿಕೊಂಡು ಹೋಗುತ್ತದೆ. ಗಟ್ಟಿ ಭಾಗ ಕೊಂಬೆಯಾಗದೆ ಅಡಿಕೆಯಾದರೆ ಗಂಜಿ ಹರಿಯುತ್ತದೆ.

ಇದು ಗೊತ್ತಾಗಿದ್ದು ಆಕಸ್ಮಿಕವಾಗಿ. 1971ರ ಸುಮಾರಿಗೆ ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಡೇವಿಡ್ ಸ್ಪೆನ್ಸರ್ ಅನ್ನುವ ವಿದ್ಯಾರ್ಥಿ, ಮರ್ಟನ್ ಫ್ಲೆಮಿಂಗ್ಸ್ ಅವರ ಬಳಿ ಪಿಎಚ್‌ಡಿ ಮಾಡುತ್ತಿದ್ದರು. ಅವರು ಹುಡುಕುತ್ತಿದ್ದುದು ಬೇರೆಯೇ. ಎರಕ ಗಟ್ಟಿಯಾಗುತ್ತಿರುವಾಗಲೇ ಸೀಳು ಬಿಡುತ್ತದಲ್ಲ, ಹಾಟ್ ಟಿಯರ್, ಅದಕ್ಕೆ ಕಾರಣ ಏನು ಅಂತ. ತವರಕ್ಕೆ 15 ಶೇಕಡಾ ಸೀಸ ಬೆರೆಸಿದ ಲೋಹವನ್ನು ಒಂದರೊಳಗೊಂದು ಕೂತ ಎರಡು ಸಿಲಿಂಡರ್‌ಗಳ ನಡುವೆ ಹಾಕಿ, ತಿರುಗಿಸಲು ಎಷ್ಟು ಬಲ ಬೇಕು ಅಂತ ಅಳೆಯುತ್ತಿದ್ದರು. ಸುಮ್ಮನೆ ಬಿಟ್ಟು ತಣಿಸಿ ಆಮೇಲೆ ತಿರುಗಿಸಿದರೆ ಎಂದಿನಂತೆ ಬಿಗಿ. ಆದರೆ ಪೂರ್ತಿ ಕರಗಿದ್ದಾಗಿನಿಂದಲೇ ತಿರುಗಿಸುತ್ತಾ ತಣಿಸಿದಾಗ, 40 ಶೇಕಡಾ ಗಟ್ಟಿಯಾದರೂ ಗಂಜಿ ಹರಿಯುತ್ತಲೇ ಇತ್ತು. ಬೇಕಾದ ಬಲ ನೂರಾರು ಪಟ್ಟು ಕಡಿಮೆ. ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೊಂಬೆ ಇಲ್ಲ, ದುಂಡು ದುಂಡು ಕಾಳು.

ಇನ್ನೊಂದು ಗುಣವೂ ಕಂಡಿತು. ಚಳಿಗಾಲದ ಬೆಳಿಗ್ಗೆ ಮರಳು ಮರಳಾದ ತುಪ್ಪ ನೆನಪು ಮಾಡಿಕೊಳ್ಳಿ. ಬಾಟಲಿ ಬಗ್ಗಿಸಿದರೆ ಬೀಳಲ್ಲ. ಚಮಚ ಹಾಕಿ ನಾಲ್ಕು ಸುತ್ತು ತಿರುಗಿಸಿದರೆ ಸಡಿಲಾಗುತ್ತದೆ. ಬಿಟ್ಟರೆ ಮತ್ತೆ ಕೂರುತ್ತದೆ. ಗದ್ದೆಯ ಕೆಸರೂ ಹಾಗೇ ಅಲ್ವಾ? ಈ ಗುಣಕ್ಕೆ ಥಿಕ್ಸೋಟ್ರೋಪಿ ಅಂತ ಹೆಸರು. ಅರ್ಧ ಗಟ್ಟಿಯಾದ ದುಂಡು ಕಾಳಿನ ಅಲ್ಯೂಮಿನಿಯಂ ತುಂಡು ಮೇಜಿನ ಮೇಲೆ ತನ್ನಷ್ಟಕ್ಕೆ ನಿಲ್ಲುತ್ತದೆ. ಇಕ್ಕಳದಲ್ಲಿ ಎತ್ತಬಹುದು. ಆದರೆ ಚಾಕು ಹಾಕಿದರೆ ಬೆಣ್ಣೆಯಂತೆ ಕತ್ತರಿಸುತ್ತದೆ. ಈ ವಿಷಯದ ಪಾಠದಲ್ಲಿ ಚಾಕುವಿನ ಆ ಚಿತ್ರ ಇಲ್ಲದಿದ್ದರೆ ಪಾಠವೇ ಅಲ್ಲ.

ಮುಂದೆ ಎರಡು ದಾರಿ ಹುಟ್ಟಿದವು. ಮೊದಲನೆಯದು ಥಿಕ್ಸೋಕಾಸ್ಟಿಂಗ್. ಎಲ್ಲೋ ಒಂದು ಕಡೆ ಮೆಟಲ್ ಅನ್ನು ಕಾಂತದ ಬಲದಿಂದ ಕಲಕುತ್ತಾ ಉದ್ದನೆಯ ಬಿಲೆಟ್ (ದಪ್ಪ ಸರಳು) ಎಳೆದು, ಪೂರ್ತಿ ಗಟ್ಟಿ ಮಾಡುತ್ತಾರೆ. ದುಂಡು ಕಾಳು ಒಳಗೆ ಹಾಗೇ ಇರುತ್ತದೆ. ಕಾರ್ಖಾನೆಯವರು ಅದನ್ನು ಕೊಂಡು, ತುಂಡು ಮಾಡಿ, ಇಂಡಕ್ಷನ್ ಕಾಯಿಲ್‌ನಲ್ಲಿ 580ರ ಆಸುಪಾಸಿಗೆ ಬಿಸಿ ಮಾಡಿ, ಅರೆಗಟ್ಟಿಯಾದಾಗ ಪ್ರೆಸ್‌ಗೆ ಹಾಕುತ್ತಾರೆ. ಕರಗಿಸುವ ಒಲೆಯೇ ಬೇಡ, ಕೇಳಲು ಚೆಂದ. ಕಾರಿನ ಎಂಜಿನ್ನಿಗೆ ಇಂಧನ ಹಂಚುವ ಕೊಳವೆ (ಫ್ಯೂಯಲ್ ರೈಲ್), ಬ್ರೇಕಿನ ಮಾಸ್ಟರ್ ಸಿಲಿಂಡರ್, ಸಸ್ಪೆನ್ಷನ್ ಭಾಗಗಳು, ಅಂದರೆ ಸೋರಲೇಬಾರದ ಮುರಿಯಲೇಬಾರದ ಪೀಸುಗಳು ಇದರಲ್ಲಿ ಬಂದವು.

ಆದರೆ ಖರ್ಚು! ಆ ಬಿಲೆಟ್ ಕರಗಿಸಲು ಕೊಳ್ಳುವ ಮಾಮೂಲಿ ಗಟ್ಟಿಗಿಂತ (ಇಂಗಾಟ್) ದುಬಾರಿ. ರನ್ನರ್ (ಮೆಟಲ್ ಹರಿದ ಕಾಲುವೆಯಲ್ಲಿ ಗಟ್ಟಿಯಾಗಿ ಉಳಿದದ್ದು), ರಿಜೆಕ್ಷನ್ ಪೀಸು ಇವನ್ನೆಲ್ಲ ಅಲ್ಲೇ ಕರಗಿಸಿ ಮತ್ತೆ ಬಳಸುವ ಹಾಗಿಲ್ಲ, ಕರಗಿಸಿದರೆ ದುಂಡು ಕಾಳು ಹೋಯಿತಲ್ಲ. ಸ್ಕ್ರ್ಯಾಪ್ ಒಲೆಗೆ ಹಾಕಿದರೆ ಕಾಸು ಉಳಿಯುತ್ತದೆ ಅನ್ನುವುದು ಫೌಂಡ್ರಿಯ ಮೂಲಮಂತ್ರ. ಅದಕ್ಕೇ ಕಲ್ಲು ಬಿತ್ತು. ಜತೆಗೆ ಉಷ್ಣತೆಯ ಕಾಟ. ನಾಲ್ಕೈದು ಡಿಗ್ರಿ ಹೆಚ್ಚಾದರೆ ಬಿಲೆಟ್ಟಿನ ಬುಡ ಕುಸಿದು ಅಗಲವಾಗುತ್ತದೆ. ಇದಕ್ಕೆ ಇಂಗ್ಲಿಷಿನಲ್ಲೂ ಆನೆಕಾಲು ಅಂತಲೇ ಕರೆಯುತ್ತಾರೆ. ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ ಬಂದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಎರಡನೆಯ ದಾರಿ ರಿಯೋಕಾಸ್ಟಿಂಗ್. ಕರಗಿದ ಮೆಟಲ್‌ನಿಂದ ಅಲ್ಲೇ, ಮೆಷಿನಿನ ಪಕ್ಕದಲ್ಲೇ ಗಂಜಿ ಮಾಡಿ ಬಿಸಿ ಬಿಸಿ ಹಾಕುವುದು. ಸ್ಕ್ರ್ಯಾಪು ವಾಪಸ್ ಒಲೆಗೆ. ಈಗ ಜನ ಜಾಸ್ತಿ ಕೆಲಸ ಮಾಡುತ್ತಿರುವುದು ಇದರ ಮೇಲೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ತಿರುವು ಒಂದಿದೆ. ಕಲಕುವುದರಿಂದ ಕೊಂಬೆ ಮುರಿದು ದುಂಡಗಾಗುತ್ತದೆ, ಆದ್ದರಿಂದ ಉದ್ದಕ್ಕೂ ಕಲಕುತ್ತಲೇ ಇರಬೇಕು ಅಂತ ಬಹಳ ವರ್ಷ ನಂಬಿದ್ದರು. 2000ದ ಸುಮಾರಿಗೆ ಅದೇ ಫ್ಲೆಮಿಂಗ್ಸ್ ಅವರ ಗುಂಪು ತೋರಿಸಿದ್ದು ಬೇರೆ. ಗಟ್ಟಿಯಾಗಲು ಶುರುವಾಗುವ ಆ ಗಳಿಗೆಯಲ್ಲಿ, ಕೆಲವೇ ಸೆಕೆಂಡು, ಕಲಕುತ್ತಾ ತಣಿಸಿದರೆ ಸಾಕು. ಆಗ ಲೆಕ್ಕವಿಲ್ಲದಷ್ಟು ಸಣ್ಣ ಬೀಜಗಳು, ಅಂದರೆ ಗಟ್ಟಿ ಮೆಟಲ್‌ನ ಮೊದಲ ಕಣಗಳು, ಒಟ್ಟಿಗೆ ಹುಟ್ಟುತ್ತವೆ. ಒಂದಕ್ಕೊಂದು ಎಷ್ಟು ಒತ್ತಾಗಿರುತ್ತವೆಂದರೆ ಕೊಂಬೆ ಚಾಚಲು ಯಾವುದಕ್ಕೂ ಜಾಗವೇ ಇರುವುದಿಲ್ಲ. ಆಮೇಲೆ ಕಲಕುವುದು ವ್ಯರ್ಥ ಶ್ರಮ. ಸಸಿಯನ್ನು ಒತ್ತೊತ್ತಾಗಿ ನೆಟ್ಟರೆ ಯಾವುದೂ ಹರಡಿಕೊಳ್ಳುವುದಿಲ್ಲವಲ್ಲ, ಹಾಗೆ. ಆಲೆಮನೆಯಲ್ಲಿ ಬೆಲ್ಲದ ಹದ ನೋಡುವವರನ್ನು ನೀವು ಕಂಡಿದ್ದೀರಿ. ನೀರಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಮುಟ್ಟಿ, "ಇಳಿಸ್ರೋ" ಅನ್ನುವ ಆ ಗಳಿಗೆ ತಪ್ಪಿದರೆ ಆಮೇಲೆ ಎಷ್ಟು ತಿರುವಿದರೂ ಅಷ್ಟೇ.

ಈ ತಿಳಿವಳಿಕೆ ಬಂದ ಮೇಲೆ ಹದ ಮಾಡುವ ಉಪಾಯಗಳು ಸಾಲುಸಾಲಾಗಿ ಬಂದವು. ಎಂಐಟಿಯವರದು ತಣ್ಣಗಿನ ಗ್ರಾಫೈಟ್ ಕಡ್ಡಿ ತಿರುಗಿಸಿ ತೆಗೆಯುವುದು. ಥಾಯ್ಲೆಂಡಿನವರು ತೂತುಗಳಿರುವ ಗ್ರಾಫೈಟ್ ಕೊಳವೆಯಿಂದ ಅನಿಲದ ಗುಳ್ಳೆ ಬಿಡುತ್ತಾರೆ. ಗುಳ್ಳೆಯೇ ಕಲಕುತ್ತದೆ. ಸ್ವೀಡನ್ನಿನದಂತೂ ನಮ್ಮ ಶರಬತ್ತಿನ ಉಪಾಯ. ಕಲಕುವ ಕಡ್ಡಿಯ ತುದಿಗೆ ಅದೇ ಲೋಹದ ಗಟ್ಟಿ ತುಂಡು ಎರೆದುಕೊಂಡು ಅದ್ದುತ್ತಾರೆ. ಐಸಿನ ಹಾಗೆ ಅದು ಕರಗುತ್ತಾ ಉಳಿದದ್ದನ್ನು ತಣಿಸುತ್ತದೆ. ಮೊಬೈಲ್ ಟವರ್ ಮೇಲೆ ರೆಕ್ಕೆ ರೆಕ್ಕೆಯ ರೇಡಿಯೋ ಪೆಟ್ಟಿಗೆ ಇರುತ್ತದಲ್ಲ, ಅಂಥ ತೆಳು ರೆಕ್ಕೆಯ ಪೀಸುಗಳನ್ನು ಈ ರೀತಿಯಲ್ಲಿ ಮಾಡುತ್ತಾರೆ. ಮೆಗ್ನೀಸಿಯಂನದು ಬೇರೆ ಸಂಸಾರ. ಅದರ ಚೂರುಗಳನ್ನು ಪ್ಲಾಸ್ಟಿಕ್ ಮೆಷಿನಿನಂಥ ಬಿಸಿ ಬ್ಯಾರೆಲ್‌ಗೆ ಹಾಕಿ, ಆರ್ಗಾನ್ ಅನಿಲದ ಕೆಳಗೆ ಸ್ಕ್ರೂ ತಿರುಗಿಸಿ ತಳ್ಳುವುದು, ಹೆಸರು ಥಿಕ್ಸೋಮೋಲ್ಡಿಂಗ್. ಲ್ಯಾಪ್‌ಟಾಪ್, ಕ್ಯಾಮೆರಾಗಳ ಹಗುರ ಕವಚ ಹೀಗೆ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಕಾಂತದಿಂದ ಕಲಕುವುದು, ಇಳಿಜಾರಿನ ಮೇಲೆ ಹರಿಸುವುದು ಎರಡರ ಮೇಲೂ ಕೆಲಸ ನಡೆದಿದೆ.

ಇಳಿಜಾರು ಅಂದೆ. ಅದೊಂದನ್ನು ನಾನೇ ಮಾಡಿ ನೋಡಿದ್ದೇನೆ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಉಪಾಯ ಇಷ್ಟೇ. ತಣ್ಣಗಿರುವ ಇಳಿಜಾರು ತಟ್ಟೆಯ ಮೇಲೆ ಮೆಟಲ್ ಹರಿಸಿ ಕೆಳಗಿನ ಬಟ್ಟಲಿಗೆ ಬೀಳಿಸುವುದು. ತಟ್ಟೆಗೆ ತಾಗಿದಲ್ಲಿ ಬೀಜ ಹುಟ್ಟುತ್ತದೆ, ಹರಿಯುವ ಮೆಟಲ್ ಅದನ್ನು ಕಿತ್ತುಕೊಂಡು ಹೋಗುತ್ತದೆ. ನನ್ನ ಬಳಿ ಇದ್ದದ್ದು ಒಂದು ಹಳೆಯ ಮಫಲ್ ಒಲೆ (ಮುಚ್ಚಿದ ಕುಲುಮೆ), ಮೆಟಲ್ ಕರಗಿಸುವ ಒಂದು ಕ್ರೂಸಿಬಲ್ (ಮೂಸೆ), ತಟ್ಟೆಯ ಬದಲಿಗೆ ಒಂದೂವರೆ ಅಡಿ ಎಂಎಸ್ ಚಾನೆಲ್ (ಕಾಲುವೆಯಾಕಾರದ ಉಕ್ಕಿನ ಪಟ್ಟಿ). ಮೊದಲ ಸಲ ಚಾನೆಲ್ ಬರಿಮೈ. ಮೆಟಲ್ ಅರ್ಧ ದಾರಿಯಲ್ಲೇ ಅಂಟಿ ನಾಲಿಗೆಯ ಹಾಗೆ ನಿಂತುಬಿಟ್ಟಿತು. ಉಳಿಯಲ್ಲಿ ಬಡಿದು ತೆಗೆದೆ. ಎರಡನೆಯ ಸಲ ಗ್ರಾಫೈಟ್ ಪೇಂಟ್ ಹಚ್ಚಿದೆ, ಆದರೆ 700ಕ್ಕೆ ಸುರಿದೆ. ಚೆನ್ನಾಗಿ ಹರಿಯಿತು. ಬಟ್ಟಲಲ್ಲಿ ಸಿಕ್ಕಿದ್ದು ಮಾಮೂಲಿ ನೀರು ಮೆಟಲ್. ಮೂರನೆಯ ಸಲ 640ಕ್ಕೆ ಇಳಿಸಿ ಸುರಿದಾಗ ಬಟ್ಟಲಲ್ಲಿ ಅದು ಮಿನುಗುವುದನ್ನು ಬಿಟ್ಟು ಮಬ್ಬಾಯಿತು. ಇಡ್ಲಿ ಹಿಟ್ಟಿನ ಹಾಗೆ ಮೆಲ್ಲಗೆ ಕೂತಿತು. ಕೈ ನಡುಗುತ್ತಿತ್ತು. ತುಂಡು ಕತ್ತರಿಸಿ, ಎಮರಿ ಹಾಳೆಯಲ್ಲಿ ಉಜ್ಜಿ, ಪರಿಚಯದ ಲ್ಯಾಬೊಂದರಲ್ಲಿ ಪಾಲಿಶ್ ಮಾಡಿಸಿ ನೋಡಿದೆ. ಪೂರ್ತಿ ದುಂಡು ಅಂತ ಹೇಳಲಾರೆ. ಕೆಲವು ಗುಲಾಬಿ ಹೂವಿನ ಹಾಗೆ ಎಸಳೆಸಳು. ಆದರೆ ಕೊಂಬೆ ಇರಲಿಲ್ಲ. ಮೇಸ್ತ್ರಿ ಇದ್ದಿದ್ದರೆ ತೋರಿಸಬೇಕಿತ್ತು ಅನ್ನಿಸಿತು.

ಒಂದು ಎಚ್ಚರಿಕೆ. ಇದನ್ನು ಕೇಳಿ ಮನೆಗೆ ಹೋಗಿ ಮಾಡಲು ಹೊರಡಬೇಡಿ, ಅದೂ ನಮ್ಮ ಮಳೆಗಾಲದಲ್ಲಿ. ಜೂನ್ ಜುಲೈನಲ್ಲಿ ಇಲ್ಲಿ ಕಬ್ಬಿಣವೂ ಬೆವರುತ್ತದೆ. ತೇವದ ತಟ್ಟೆ ಮೇಲೆ ಕರಗಿದ ಅಲ್ಯೂಮಿನಿಯಂ ಬಿದ್ದರೆ ಆ ನೀರು ಒಮ್ಮೆಲೇ ಆವಿಯಾಗಿ ಮೆಟಲ್ ಮುಖಕ್ಕೇ ಸಿಡಿಯುತ್ತದೆ. ತಟ್ಟೆ, ಲ್ಯಾಡಲ್, ಬಟ್ಟಲು ಎಲ್ಲವನ್ನೂ ಮೊದಲು ಕಾಯಿಸಿ ಒಣಗಿಸಲೇಬೇಕು. ತೇವದ್ದು ಇನ್ನೊಂದು ಕಿತಾಪತಿ ಇದೆ. ಕರಗಿದ ಅಲ್ಯೂಮಿನಿಯಂ ಗಾಳಿಯ ತೇವದಿಂದ ಹೈಡ್ರೋಜನ್ ಹೀರಿಕೊಳ್ಳುತ್ತದೆ. ಗಟ್ಟಿಯಾಗುವಾಗ ಅದನ್ನೆಲ್ಲ ಉಗುಳುತ್ತದೆ, ಸೂಜಿಮೊನೆಯಷ್ಟು ಸಣ್ಣ ತೂತು (ಪಿನ್‌ಹೋಲ್) ಆಗುತ್ತವೆ. ಮಳೆಗಾಲದಲ್ಲಿ ರಿಜೆಕ್ಷನ್ ಯಾಕೆ ಏರುತ್ತದೆ ಅಂತ ಅಲ್ಯೂಮಿನಿಯಂ ಎರಕ ಮಾಡುವವರನ್ನು ಕೇಳಿ. ಮೆಟಲ್ ಬಿಸಿಯಾದಷ್ಟೂ ಹೀರುವುದು ಹೆಚ್ಚು. ಕಡಿಮೆ ಬಿಸಿಯಲ್ಲಿ ಕೆಲಸ ಮಾಡುವ ಅರೆಗಟ್ಟಿ ವಿಧಾನ ಇಲ್ಲಿ ನಮ್ಮ ಪರ.

ಡೈಗೂ ಅದೇ ಲಾಭ. ಅರ್ಧ ಮೆಟಲ್ ಆಗಲೇ ಗಟ್ಟಿಯಾಗಿ ಬಂದಿರುವುದರಿಂದ, ಗಟ್ಟಿಯಾಗುವಾಗ ಬಿಡುವ ಶಾಖದಲ್ಲಿ ಅರ್ಧ ಡೈಗೆ ತಟ್ಟುವುದೇ ಇಲ್ಲ. ಪೀಸು ಕುಗ್ಗುವುದೂ ಕಡಿಮೆ.

ಕಷ್ಟಗಳನ್ನೂ ಹೇಳಿಬಿಡಬೇಕು. ಗಂಜಿಯನ್ನು ತೀರಾ ಮೆಲ್ಲಗೆ ಒತ್ತಿದರೆ ಸ್ಪಂಜು ಹಿಂಡಿದ ಹಾಗೆ ನೀರಾಗಿರುವ ಮೆಟಲ್ ಮಾತ್ರ ಮುಂದೆ ಓಡುತ್ತದೆ, ಕಾಳು ಹಿಂದೆ ಉಳಿಯುತ್ತದೆ. ಪೀಸಿನ ಒಂದು ತುದಿಗೆ ಒಂದು ಗುಣ, ಇನ್ನೊಂದು ತುದಿಗೆ ಇನ್ನೊಂದು. ತೀರಾ ಜೋರಾಗಿ ಒತ್ತಿದರೆ ಗಂಜಿಯೂ ಚಿಮ್ಮಿ ಮತ್ತೆ ಗಾಳಿ. ನಡುವಿನ ವೇಗ ಪ್ರತಿ ಪೀಸಿಗೂ ಬೇರೆ. ಎಲ್ಲ ಲೋಹಕ್ಕೂ ಇದು ಒಗ್ಗುವುದಿಲ್ಲ. ಗಟ್ಟಿಯಾಗಲು ಶುರುವಾಗುವ ಮತ್ತು ಮುಗಿಯುವ ಉಷ್ಣತೆಗಳ ಅಂತರ ಚಿಕ್ಕದಿದ್ದರೆ ಹದ ಹಿಡಿಯುವಷ್ಟರಲ್ಲಿ ಕೈತಪ್ಪುತ್ತದೆ.

ಕಬ್ಬಿಣದ ಕಥೆ ಕೇಳುತ್ತೀರಿ ಅಂತ ಗೊತ್ತು. 1923ರಲ್ಲೇ ಭದ್ರಾವತಿಯಲ್ಲಿ, ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಇದ್ದಿಲಲ್ಲಿ ಕರಗಿಸಿದ ಜಿಲ್ಲೆ ನಮ್ಮದು. ಮಾಚೇನಹಳ್ಳಿ ಕಡೆಯ ಫೌಂಡ್ರಿಗಳಲ್ಲಿ ಇವತ್ತಿಗೂ ಕಬ್ಬಿಣದ ಎರಕದ್ದೇ ದೊಡ್ಡ ಕೆಲಸ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಅವರಿಗೆ ಇದು ಸದ್ಯಕ್ಕೆ ಅಲ್ಲ. ಬೀಡು ಕಬ್ಬಿಣ ಗಟ್ಟಿಯಾಗುವುದು 1150 ಡಿಗ್ರಿಯ ಆಸುಪಾಸಿನಲ್ಲಿ, ಅಂತರವೂ ಸಾಮಾನ್ಯವಾಗಿ ಚಿಕ್ಕದು. ಉಕ್ಕಿನದು ಇನ್ನೂ ಮೇಲೆ. ಆ ಬಿಸಿಗೆ ಉಕ್ಕಿನ ಡೈ ಎಷ್ಟು ದಿನ ತಡೆದೀತು? ಮರಳು ಅಚ್ಚಿನಲ್ಲಿ ಚೆನ್ನಾಗಿ ಬರುತ್ತಿರುವ ಪೀಸನ್ನು ಹೊಸ ವಿದ್ಯೆಯ ಮೋಹಕ್ಕೆ ಬಿಡಬೇಡಿ. ಆದರೆ ಅಲ್ಯೂಮಿನಿಯಂ ಕಡೆ ಹೋಗುವ ಯೋಚನೆ ಇರುವವರು, ಡೈಕಾಸ್ಟಿಂಗ್ ಮೆಷಿನ್ ಆಗಲೇ ಇರುವವರು, ಪಕ್ಕದಲ್ಲಿ ಗಂಜಿ ಮಾಡುವ ಒಂದು ಸಣ್ಣ ಏರ್ಪಾಡು ಸೇರಿಸುವುದನ್ನು ಲೆಕ್ಕ ಹಾಕಿ ನೋಡಬಹುದು. ಲೆಕ್ಕ ಹಾಕಿ ಅಂದೆ, ಸಾಲ ಮಾಡಿ ಅನ್ನಲಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಬೆಳೆಗಾರರೊಬ್ಬರು ಎದ್ದರು. ವಯಸ್ಸು 70ರ ಮೇಲಿರಬೇಕು.

"ಎಲ್ಲ ಸರಿ ಮಾರಾಯ್ರೇ, ಇದ್ರಲ್ಲಿ ಮಾಡಿದ್ರೆ ನಮ್ ಪಂಪು ಸೋರಲ್ವಾ?"

"ಗಾಳಿ ತೂತಿನಿಂದ ಸೋರೋದು ತಪ್ಪುತ್ತೆ ರಾಯರೇ" ಅಂದೆ. "ಆದ್ರೆ ನೀವು ಅದ್ರೊಳಗೆ ಬಿಡೋದು ಮೈಲುತುತ್ತ. ಅದ್ರಲ್ಲಿರೋ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತ್ರೆ, ಕೂತ ಜಾಗವನ್ನ ತಿನ್ನುತ್ತೆ. ಕಾಳು ದುಂಡಗಿರಲಿ, ಕೊಂಬೆ ಇರಲಿ, ಅದಕ್ಕೆ ಎರಡೂ ಒಂದೇ. ಔಷಧಿ ಹೊಡೆದಾದ ಮೇಲೆ ಪಂಪು ತೊಳೀತೀರಾ?"

ಅವರು ಪಕ್ಕದಲ್ಲಿ ಕೂತಿದ್ದ ಮಗನ ಮುಖ ನೋಡಿದರು. ಮಗ ಸೀಲಿಂಗ್ ಫ್ಯಾನ್ ನೋಡಿದ.

"ಸಂಜೆ ಎರಡು ಬಕೆಟ್ ಒಳ್ಳೆ ನೀರು ಹಾಯಿಸಿಬಿಡಿ" ಅಂದೆ.